ನಲವತ್ತೊಂದನೇ ಪೊಟ್ಟಣ

ಇಪ್ಪತ್ತಾರು ವರ್ಷ ಬಿಸಿನೀರಲ್ಲಿ ಬೆರಳಿಟ್ಟವಳು ನಾನು.
ಹೆಬ್ಬೆಟ್ಟಿನ ಗೆರೆ ಅಳಿಸಿದೆ; ರೇಷನ್ ಅಂಗಡಿಯ ಯಂತ್ರ
ನಾನು ನಾನೇ ಅಂತ ಒಪ್ಪುವುದಿಲ್ಲ.
ಆದರೆ ಕತ್ತಲಲ್ಲಿ ಕೊಟ್ಟರೂ ಹೇಳುತ್ತೇನೆ
ಇದು ಬೈವೋಲ್ಟಿನ್, ಇದು ಮಿಶ್ರತಳಿ,
ಎಳೆ ಎಲ್ಲಿ ಕಡಿಯುತ್ತದೆ ಅಂತ, ಕಡಿಯುವ ಮೊದಲೇ.

ಶಿಡ್ಲಘಟ್ಟದಲ್ಲಿ ನಮಗೆ ಗೊತ್ತಿದ್ದ ವಿದ್ಯೆ ಒಂದೇ.
ಗಫಾರ್ ಸಾಬರ ಮಗಳು ಮುಬೀನಾ ತಾಜ್ ಬಂದು
"ಅಕ್ಕಾಯಮ್ಮ, ದಾರ ಬೇಡ, ಗೂಡನ್ನೇ ಕರಗಿಸೋಣ" ಅಂದಾಗ
ಸಾಬರು ಬೀಡಿ ಹಚ್ಚುವುದು ಮರೆತರು.
ಹೂ ಕಟ್ಟಿ ರೂಢಿಯಾದ ಕೈಗೆ
ಹೂ ಅರೆದು ಕೊಡು ಅಂದ ಹಾಗಾಯಿತು ನನಗೆ.

ಅವಳು ಕೇಳಿದ್ದು ನಾವು ಬಿಸಾಡುವುದನ್ನೇ:
ತೂತುಬಿದ್ದದ್ದು, ಕಲೆಯಾದದ್ದು, ಜೋಡಿಹುಳದ ಗೂಡು,
ಹರಾಜಿನ ಕೊನೆಗೆ ಮೂಲೆಯಲ್ಲಿ ಉಳಿಯುವ ಜೊಳ್ಳು.
ಸೋಡಾ ಹಾಕಿ ಕುದಿಸಿದಳು, ಅಂಟು ತೊಳೆದಳು,
ಅದೆಂಥದೋ ದುಬಾರಿ ಉಪ್ಪಿನಲ್ಲಿ ರೇಷ್ಮೆ ನೀರಾಯಿತು.
ಆ ನೀರನ್ನು ಹೆಪ್ಪುಗಟ್ಟಿಸಿ ಒಣಗಿಸಿದರೆ ಸ್ಪಂಜು,
ಅಂಗೈ ಅಗಲ, ಕೈಗೆ ಭಾರವೇ ಇಲ್ಲ.
ಒಣಗಿಸುವ ಯಂತ್ರ ಬಂದ ವಾರ
ಸಾಬರ ಎರಡು ಕಾಟೇಜ್ ಬೇಸಿನ್ ಗುಜರಿಗೆ ಹೋದವು.

ಯಾರಿಗೆ ಇದು? ಗಡಿಯಲ್ಲಿ ಗುಂಡು ತಗಲಿದವನಿಗೆ.
ಗಾಯದೊಳಗೆ ಒತ್ತಿದರೆ ನೆತ್ತರು ನಿಲ್ಲಬೇಕು,
ಹೆಲಿಕಾಪ್ಟರು ಬರುವ ತನಕ.

ಗಡಿ ನಾವು ಕಂಡವರಲ್ಲ. ನೆತ್ತರಂತೂ ಬೇಕಲ್ಲ.
ಬೆಳಿಗ್ಗೆ ಐದಕ್ಕೆ ಮಟನ್ ಅಂಗಡಿಗೆ ಟಿಫಿನ್ ಡಬ್ಬಿ ಹೋಗುತ್ತಿತ್ತು,
ಒಳಗೆ ಮೊದಲೇ ಹೆಪ್ಪುಗಟ್ಟದ ಮದ್ದು.
ಕುರಿಯ ನೆತ್ತರು, ಮೇಲೆ ನಮ್ಮ ಸ್ಪಂಜು,
ಗೋಡೆ ಗಡಿಯಾರ ನೋಡುತ್ತ ಎಣಿಸುವವಳು ನಾನು.
ಮೊದಲ ಸಲ ಇನ್ನೂರಕ್ಕೂ ನಿಲ್ಲಲಿಲ್ಲ.
ಹನ್ನೊಂದನೇ ಸಲ ಸ್ಪಂಜೇ ಕರಗಿ ಹೋಯಿತು;
ಮುಬೀನಾ ಡಬ್ಬಿ ತಿಕ್ಕಿ ತೊಳೆದು
ಅದರಲ್ಲೇ ಚಿತ್ರಾನ್ನ ಹಾಕಿಕೊಂಡು ತಿಂದಳು.
ಒಂದು ಗುರುವಾರ, ಎಪ್ಪತ್ತು ಅನ್ನುವಾಗ ನಿಂತಿತು.
ನಂಬಿಕೆಯಾಗದೆ ನಾನು ತೊಂಬತ್ತರವರೆಗೂ ಎಣಿಸಿದೆ.

ಆಮೇಲೆ ಸೇನೆಯ ಸಾಹೇಬರೊಬ್ಬರು ಬಂದರು,
ಹೊಳೆಯುವ ಬೂಟು, ಕೆಳಗೆ ಪ್ಯೂಪದ ನೀರು.
ಮೂಗು ಮುಚ್ಚಲಿಲ್ಲ, ಅದಕ್ಕೇ ನನಗೆ ಹಿಡಿಸಿದರು.
"ಮೂರು ವರ್ಷದ ವಹಿವಾಟು?"
"ಕಂಪನಿಗೇ ಹದಿನಾಲ್ಕು ತಿಂಗಳು, ಸಾರ್."
"ಅನುಭವ?"
ಹುಡುಗಿ ನನ್ನ ಕೈ ಹಿಡಿದು ಬೆರಳು ಬಿಡಿಸಿ ತೋರಿಸಿದಳು.
ಅವರು ಬಹಳ ಹೊತ್ತು ನೋಡಿದರು. ಏನೋ ಬರೆದುಕೊಂಡರು.

ಐದು ತಿಂಗಳಿಗೆ ಪತ್ರ: ಪರೀಕ್ಷೆಗೆ ನಲವತ್ತು ಪೊಟ್ಟಣ.
ನಲವತ್ತೇ.
ಲಾಭ ಎಷ್ಟಾದೀತು ಅಂತ ಸಾಬರು ಲೆಕ್ಕ ಹಾಕಿ
ಕಾಗದ ಮಡಿಸಿ ಜೇಬಿಗಿಟ್ಟುಕೊಂಡರು, ಹೇಳಲಿಲ್ಲ.

ಪೊಟ್ಟಣ ಮುಚ್ಚುವ ಕೆಲಸ ನನ್ನದು.
ತಯಾರಾದ ತಿಂಗಳು, ಅವಧಿ ಮುಗಿಯುವ ತಿಂಗಳು,
ನಡುವೆ ಮೂರು ವರ್ಷ.
ಒಂದೊಂದನ್ನೂ ಮುಚ್ಚುವಾಗ ಮೆಲ್ಲಗೆ ಹೇಳುತ್ತಿದ್ದೆ:
ಬಿಚ್ಚಿಸಿಕೊಳ್ಳಬೇಡ. ಹಾಗೇ ಹಳತಾಗು.
ಮುಬೀನಾ ಕೇಳಿಸಿಕೊಂಡು ನಕ್ಕಳು,
"ಹಂಗಾದ್ರೆ ವ್ಯಾಪಾರ ಹೆಂಗಕ್ಕ?"
"ಹಳತಾದ್ರೆ ಹೊಸದು ಕೇಳ್ತಾರಲ್ಲಮ್ಮ."
ಯಾಕೋ ಆಮೇಲೆ ಇಬ್ಬರೂ ಸುಮ್ಮನಾದೆವು.

ಹುಳು ತನ್ನ ಕಾವಲಿಗೆ ತಾನೇ ಕಟ್ಟಿಕೊಂಡ ಗೂಡು.
ಅದನ್ನು ಒಳಗೇ ಬೇಯಿಸಿದ ಕೈ ಇದು.
ಇನ್ಯಾರನ್ನೋ ಕಾಯಲಿ ಅಂತ ಕಳಿಸಿದ್ದೂ ಇದೇ ಕೈ.
ಈ ಲೆಕ್ಕ ಯಾವ ವಹಿಯಲ್ಲಿ ಬರೆಯುತ್ತಾರೋ ಕಾಣೆ.

ನಲವತ್ತೊಂದನೆಯದು ಸೋಡಾ ಡಬ್ಬದ ಪಕ್ಕ ಇದೆ.
ಅಂಚು ಸ್ವಲ್ಪ ಓರೆ ಬಂತು, ಕಳಿಸಲಿಲ್ಲ.
ಉಳಿದವು ಎಲ್ಲಿವೆ, ಯಾವ ಹಿಮದಲ್ಲಿ, ಯಾರ ಜೇಬಲ್ಲಿ,
ನಮಗೆ ಬರೆಯುವವರಿಲ್ಲ; ಬರೆಯಲೂಬಾರದಂತೆ.
ಬೆಳಿಗ್ಗೆ ಒಲೆ ಹಚ್ಚುವ ಮೊದಲು
ಅದನ್ನೊಮ್ಮೆ ಗೆರೆಯಿಲ್ಲದ ಬೆರಳಲ್ಲಿ ಮುಟ್ಟಿ ನೋಡುತ್ತೇನೆ.
ಮುಚ್ಚೇ ಇದೆ.
ನೀರು ಕಾಯಲಿಡುತ್ತೇನೆ.